ದೊಡ್ಡ ಹವಳದ ತೊಟ್ಟಿಗೆ ಪೈಪ್ ಜೋಡಣೆ: ಪಂಪ್ ನಿಲ್ಲುವ ಗಳಿಗೆಯಿಂದ ಯೋಚಿಸುವ ಕ್ರಮ

ಸಭಿಕರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ದೊಡ್ಡ ರೀಫ್ ಅಕ್ವೇರಿಯಂ, ಅಂದರೆ ಜೀವಂತ ಹವಳಗಳನ್ನು ಸಾಕುವ ಕಡಲನೀರಿನ ತೊಟ್ಟಿ ಇಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಬೆಳಕಿನ ಬಗ್ಗೆ ಯೋಚಿಸುತ್ತಾರೆ, ಆಮೇಲೆ ಕಲ್ಲುಗಳ ಜೋಡಣೆಯ ಬಗ್ಗೆ, ಅದಾದ ಮೇಲೆ ಯಾವ ಹವಳ, ಯಾವ ಮೀನು ಎಂಬುದರ ಬಗ್ಗೆ. ಪೈಪುಗಳ ಸರದಿ ಬರುವಷ್ಟರಲ್ಲಿ ತೊಟ್ಟಿ ತಯಾರಾಗಿ ಬಂದಿರುತ್ತದೆ, ಸ್ಟ್ಯಾಂಡು ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ, ಹಿಂಭಾಗಕ್ಕೆ ಕೈ ಹೋಗುವಷ್ಟೂ ಜಾಗ ಉಳಿದಿರುವುದಿಲ್ಲ. ಬೆಳಕನ್ನು ಮುಂದೆ ಬದಲಾಯಿಸಬಹುದು, ಕಲ್ಲುಗಳನ್ನು ಮತ್ತೆ ಜೋಡಿಸಬಹುದು. ಆದರೆ ಗಾಜಿನಲ್ಲಿ ಒಮ್ಮೆ ಕೊರೆದ ರಂಧ್ರದ ಜಾಗ ಬದಲಿಸಲು ಬರುವುದಿಲ್ಲ. ಈ ಕಾರಣದಿಂದ ಪೈಪಿನ ಯೋಜನೆ ತೊಟ್ಟಿಗೆ ಆರ್ಡರ್ ಕೊಡುವುದಕ್ಕಿಂತ ಮೊದಲೇ, ಕಾಗದದ ಮೇಲೆ, ಅಳತೆಗಳ ಸಮೇತ ಮುಗಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದೇ ಇಂದಿನ ನನ್ನ ಮಾತಿನ ತಿರುಳು. ಹೆಚ್ಚಿನವರು ಪಂಪಿನಿಂದ ಆರಂಭಿಸುತ್ತಾರೆ: ಗಂಟೆಗೆ ಎಷ್ಟು ಲೀಟರ್ ಎತ್ತಬೇಕು, ಅದಕ್ಕೆ ಯಾವ ಪಂಪ್ ಬೇಕು, ಆ ಪಂಪಿಗೆ ಯಾವ ಪೈಪ್ ಹೊಂದುತ್ತದೆ ಎಂದು. ನಾನು ಹೇಳುವುದು ಇದಕ್ಕೆ ತಿರುಗುಮುರುಗು. ಮೊದಲು ಪಂಪ್ ನಿಂತಾಗ ನೀರೆಲ್ಲ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಪಂಪ್ ನಡೆಯುತ್ತಿರುವಾಗಲೇ ಇಳಿಪೈಪ್ ಕಟ್ಟಿಕೊಂಡರೆ ನೀರು ಎಲ್ಲಿಗೆ ಏರುತ್ತದೆ ಎಂದು ನೋಡಬೇಕು. ಈ ಎರಡಕ್ಕೂ ನೆಲ ಒದ್ದೆಯಾಗದಂಥ ಉತ್ತರ ಸಿಕ್ಕಿದ ಮೇಲೆ ಮಾತ್ರ ಹರಿವಿನ ಪ್ರಮಾಣಕ್ಕೆ ಬರಬೇಕು. ವಿದ್ಯುತ್ ಹೋಗುವುದು, ಬಸವನಹುಳು ಪೈಪಿನ ಬಾಯಿಗೆ ಬಂದು ಕೂರುವುದು, ಇವು ತೊಟ್ಟಿಯ ಆಯುಷ್ಯದಲ್ಲಿ ನಡೆದೇ ನಡೆಯುವ ಸಂಗತಿಗಳು. ಅವುಗಳನ್ನು ಅಪಘಾತ ಎಂದು ಎಣಿಸದೆ ವಿನ್ಯಾಸದ ಭಾಗವೆಂದೇ ಹಿಡಿಯಬೇಕು.

ವ್ಯವಸ್ಥೆಯ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ಮೇಲೆ ಹವಳಗಳಿರುವ ಮುಖ್ಯ ತೊಟ್ಟಿ. ಅದರ ಕೆಳಗೆ, ಸ್ಟ್ಯಾಂಡಿನ ಒಳಗೆ ಸಂಪ್ ಎಂದು ಕರೆಯುವ ಇನ್ನೊಂದು ತೊಟ್ಟಿ. ಮುಖ್ಯ ತೊಟ್ಟಿಯ ಮೇಲ್ಪದರದ ನೀರು ಒಂದು ಅಂಚನ್ನು ದಾಟಿ ಓವರ್‌ಫ್ಲೋ ಬಾಕ್ಸಿಗೆ ಬೀಳುತ್ತದೆ, ಅಲ್ಲಿಂದ ಪೈಪುಗಳ ಮೂಲಕ ತನ್ನ ಭಾರದಿಂದಲೇ ಸಂಪಿಗೆ ಇಳಿಯುತ್ತದೆ. ಸಂಪಿನಲ್ಲಿ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹೀಟರ್ ಮುಂತಾದ ಉಪಕರಣಗಳಿರುತ್ತವೆ. ಕೊನೆಯ ಕೋಣೆಯಲ್ಲಿರುವ ರಿಟರ್ನ್ ಪಂಪ್ ಅದೇ ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಮೇಲಕ್ಕೆ ಹೋಗುವ ನೀರನ್ನು ಪಂಪ್ ನಿರ್ಧರಿಸುತ್ತದೆ, ಇಳಿಯುವ ನೀರು ಅದನ್ನು ಹಿಂಬಾಲಿಸುತ್ತದೆ. ಹಿಂಬಾಲಿಸಲು ಅದಕ್ಕೆ ಸದಾ ದಾರಿ ಇರುವಂತೆ ನೋಡಿಕೊಳ್ಳುವುದೇ ಪೈಪ್ ಜೋಡಿಸುವವನ ಕೆಲಸ.

ಲೆಕ್ಕಕ್ಕೆ ಒಂದು ತೊಟ್ಟಿಯನ್ನು ಇಟ್ಟುಕೊಳ್ಳೋಣ. ಒಳ ಅಳತೆ 180 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ. ತುಂಬಿದರೆ 810 ಲೀಟರ್. ಕಡಲನೀರು ಸಿಹಿನೀರಿಗಿಂತ ತುಸು ಭಾರವಾದ್ದರಿಂದ ನೀರಿನ ತೂಕವೇ 830 ಕಿಲೋ ಆಗುತ್ತದೆ. ಗಾಜು, ಕಲ್ಲು, ಸ್ಟ್ಯಾಂಡು, ಸಂಪು ಎಲ್ಲ ಸೇರಿದರೆ ಒಂದು ಟನ್ನನ್ನು ಸುಲಭವಾಗಿ ಮೀರುತ್ತದೆ. ನೆಲದ ಬಲವನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳದೆ ಮುಂದುವರಿಯಬಾರದು. ಈಗ ಪೈಪಿಗೆ ಬೇಕಾದ ಅಂಕಿ ಇದು: ಈ ತೊಟ್ಟಿಯ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 13.5 ಲೀಟರ್ ನೀರು ಕೆಳಗೆ ಬರುತ್ತದೆ. ಸಂಪಿನ ಅಳತೆ 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ ಎಂದಿಟ್ಟುಕೊಂಡರೆ ಅಲ್ಲಿ ಒಂದು ಸೆಂಟಿಮೀಟರಿಗೆ 6 ಲೀಟರ್. ಮೇಲಿನ ಒಂದು ಸೆಂಟಿಮೀಟರ್ ಕೆಳಗೆ ಎರಡೂ ಕಾಲು ಸೆಂಟಿಮೀಟರ್ ಆಗುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಪಂಪ್ ನಿಂತಿತು ಎನ್ನೋಣ. ಓವರ್‌ಫ್ಲೋ ಅಂಚಿನ ಮೇಲೆ ಹರಿಯುತ್ತಿದ್ದ ಪದರ, ಸುಮಾರು ಒಂದೂವರೆ ಸೆಂಟಿಮೀಟರ್, ಪೂರ್ತಿಯಾಗಿ ಇಳಿಯುತ್ತದೆ: ಅಲ್ಲಿಗೆ 20 ಲೀಟರ್. ರಿಟರ್ನ್ ಪೈಪಿನ ಬಾಯಿ ಆ ಅಂಚಿಗಿಂತ ಎರಡು ಸೆಂಟಿಮೀಟರ್ ಕೆಳಗೆ ಮುಳುಗಿದ್ದರೆ, ಪಂಪ್ ನಿಂತ ಕ್ಷಣದಿಂದ ಅದೇ ಪೈಪು ಹಿಮ್ಮುಖವಾಗಿ ಸೈಫನ್ನಿನಂತೆ ನೀರನ್ನು ಎಳೆಯತೊಡಗುತ್ತದೆ. ಬಾಯಿಗೆ ಗಾಳಿ ಸಿಗುವವರೆಗೂ ಬಿಡುವುದಿಲ್ಲ. ಅದು ಇನ್ನೊಂದು 27 ಲೀಟರ್. ಓವರ್‌ಫ್ಲೋ ಬಾಕ್ಸಿನೊಳಗಿನ ನೀರು ಇಳಿಪೈಪಿನ ಬಾಯಿಯ ಮಟ್ಟಕ್ಕೆ ಕುಸಿಯುವಾಗ 12 ಲೀಟರ್, ಪೈಪುಗಳಲ್ಲಿ ತುಂಬಿದ್ದದ್ದು 3 ಲೀಟರ್ ಎಂದು ಹಿಡಿಯಿರಿ. ಒಟ್ಟು 62 ಲೀಟರ್, ಅಂದರೆ ಸಂಪಿನಲ್ಲಿ ಹತ್ತು ಸೆಂಟಿಮೀಟರಿಗೂ ಮೀರಿದ ಏರಿಕೆ. ಸ್ಕಿಮ್ಮರ್ ಮತ್ತಿತರ ಉಪಕರಣಗಳು ಜಾಗ ಹಿಡಿಯುವುದರಿಂದ ನಿಜವಾದ ಏರಿಕೆ ಇನ್ನೂ ಹೆಚ್ಚು. ಇಂಥ ಸಂಪಿನಲ್ಲಿ ನಡೆಯುವ ಮಟ್ಟದ, ಅಂದರೆ ಪಂಪ್ ಓಡುತ್ತಿರುವಾಗಿನ ನೀರಿನ ಮಟ್ಟದ, ಮೇಲೆ 15 ಸೆಂಟಿಮೀಟರ್ ಖಾಲಿ ಬಿಡಬೇಕು. ಆ ಖಾಲಿ ಜಾಗವನ್ನು ಕಂಡು, ಇಲ್ಲಿ ಇನ್ನಷ್ಟು ನೀರು ಹಿಡಿಸಬಹುದಲ್ಲ ಎಂದು ಆಸೆಪಡುವವರೇ ಹೆಚ್ಚು. ಅದು ನೀರಿಗಾಗಿಯೇ ಕಾದಿಟ್ಟ ಜಾಗ.

ಇದೇ ಲೆಕ್ಕದಿಂದ ಒಂದು ಸುಲಭದ ಲಾಭವೂ ತಿಳಿಯುತ್ತದೆ. ರಿಟರ್ನ್ ಬಾಯಿಯನ್ನು ಅಂಚಿನ ಮಟ್ಟಕ್ಕೇ ಎತ್ತಿ ಇಟ್ಟರೆ ಆ 27 ಲೀಟರ್ ಪೂರ್ತಿ ಉಳಿಯುತ್ತದೆ, ಖರ್ಚೇನೂ ಇಲ್ಲ. ರಿಟರ್ನ್ ಬಾಯಿಯನ್ನು ತೊಟ್ಟಿಯ ಆಳಕ್ಕೆ ಇಳಿಸಿ, ಹಿಂದೆ ಬರುವ ನೀರನ್ನು ತಡೆಯಲು ಚೆಕ್ ವಾಲ್ವನ್ನೋ ನೀರಿನ ಮಟ್ಟದಲ್ಲಿ ಕೊರೆದ ಸಣ್ಣ ಗಾಳಿರಂಧ್ರವನ್ನೋ ನಂಬುವವರಿದ್ದಾರೆ. ಎರಡೂ ಕೆಲಸ ಮಾಡುತ್ತವೆ, ಹೊಸದಾಗಿರುವ ತನಕ. ಹವಳಕ್ಕೆ ಹಿತವಾದ ನೀರು ಸುಣ್ಣದ ಚಿಪ್ಪು ಕಟ್ಟುವ ಎಲ್ಲ ಜೀವಿಗಳಿಗೂ ಹಿತವಾದದ್ದೇ. ಚೆಕ್ ವಾಲ್ವಿನ ರೆಕ್ಕೆಯ ಕೆಳಗೆ ಅಕ್ಕಿಕಾಳಿಗಿಂತ ಸಣ್ಣದೊಂದು ಕೊಳವೆಹುಳುವಿನ ಚಿಪ್ಪು ಬೆಳೆದರೆ ಸಾಕು, ರೆಕ್ಕೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಗಾಳಿರಂಧ್ರದ ಅಂಚಿನಲ್ಲಿ ನೇರಳೆ ಬಣ್ಣದ ಸುಣ್ಣಪಾಚಿ ಸುತ್ತುಗಟ್ಟುತ್ತ ಬಂದು ಒಂದು ದಿನ ರಂಧ್ರವೇ ಕಾಣದಾಗುತ್ತದೆ. ಇವುಗಳನ್ನು ಹೆಚ್ಚುವರಿ ರಕ್ಷಣೆಯಾಗಿ ಬೇಕಾದರೆ ಇಡಿ. ಸಂಪಿನ ಲೆಕ್ಕವನ್ನು ಮಾತ್ರ ಅವು ಇಲ್ಲವೇ ಇಲ್ಲ ಎಂದುಕೊಂಡು ಮಾಡಿ.

ಈಗ ಎರಡನೆಯ ಪ್ರಶ್ನೆ: ಇಳಿಪೈಪ್ ಪೂರ್ತಿ ಕಟ್ಟಿಕೊಂಡು ಪಂಪ್ ಓಡುತ್ತಲೇ ಇದ್ದರೆ? ಪಂಪ್ ಎಳೆದುಕೊಳ್ಳಬಲ್ಲದ್ದು ಕೊನೆಯ ಕೋಣೆಯ ನೀರನ್ನು ಮಾತ್ರ; ಉಳಿದ ಕೋಣೆಗಳ ನೀರನ್ನು ನಡುವಿನ ಗಾಜಿನ ತಡೆಗಳು ಹಿಡಿದಿರುತ್ತವೆ. ಆ ಕೋಣೆ 40 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ ಇದ್ದು, ಪಂಪ್ ಗಾಳಿ ಎಳೆಯುವ ಮೊದಲು 20 ಸೆಂಟಿಮೀಟರ್ ನೀರು ಮೇಲಕ್ಕೆ ಹೋಗಬಹುದಾದರೆ, ಅದು 40 ಲೀಟರ್, ಮುಖ್ಯ ತೊಟ್ಟಿಯಲ್ಲಿ ಮೂರು ಸೆಂಟಿಮೀಟರ್. ಇಲ್ಲಿ ಬಹಳ ಮಂದಿ ಮರೆಯುವ ಒಂದು ಅಂಶ ಸೇರಿಕೊಳ್ಳುತ್ತದೆ. ಆವಿಯಾದ ನೀರಿಗೆ ಬದಲಾಗಿ ಸಿಹಿನೀರು ತುಂಬುವ ಸ್ವಯಂಚಾಲಿತ ಸಾಧನದ ಸೆನ್ಸರ್ ಇರುವುದು ಅದೇ ಕೋಣೆಯಲ್ಲಿ. ಮಟ್ಟ ಕುಸಿದದ್ದನ್ನು ಕಂಡು, ನೀರು ಆವಿಯಾಗಿದೆ ಎಂದು ತಿಳಿದು, ಅದು ತನ್ನ ಡಬ್ಬಿಯ ನೀರನ್ನೆಲ್ಲ ಸುರಿಯತೊಡಗುತ್ತದೆ. ಡಬ್ಬಿಯಲ್ಲಿ 20 ಲೀಟರ್ ಇದ್ದರೆ ಅದು ಮೇಲೆ ಇನ್ನೂ ಒಂದೂವರೆ ಸೆಂಟಿಮೀಟರ್. ಹಾಗಾಗಿ ಈ ತೊಟ್ಟಿಯಲ್ಲಿ ನಡೆಯುವ ಮಟ್ಟಕ್ಕೂ ಗಾಜಿನ ಮೇಲಂಚಿಗೂ ನಡುವೆ ಐದು ಸೆಂಟಿಮೀಟರ್ ಅಂತರ ಬೇಕು. ಅಷ್ಟಿದ್ದರೆ ಎಲ್ಲ ಇಳಿಪೈಪುಗಳೂ ಮುಚ್ಚಿಹೋದರೂ ಪಂಪ್ ಬರಿದಾಗಿ ಗೊರಗುಟ್ಟುತ್ತದೆ, ಆದರೆ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಯಾವ ಸೆನ್ಸರಿನ ನೆರವೂ ಇಲ್ಲದೆ, ಬರಿಯ ಅಳತೆಯಿಂದ ಸಿಗುವ ಈ ಭದ್ರತೆಯನ್ನು ನಾನು ಎಲ್ಲ ಎಲೆಕ್ಟ್ರಾನಿಕ್ ಎಚ್ಚರಿಕೆಗಳಿಗಿಂತ ಮೇಲೆ ಇಡುತ್ತೇನೆ.

ಇನ್ನು ಇಳಿಪೈಪುಗಳ ವಿಷಯ. ಇಡೀ ಜೋಡಣೆಯಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಪೈಪಿನೊಳಗೆ ನೀರು ಎರಡು ಬಗೆಯಲ್ಲಿ ಇಳಿಯಬಹುದು. ಒಂದು, ಗಾಳಿಯ ಜೊತೆ ಬೆರೆತು, ಪೈಪಿನ ಗೋಡೆಗೆ ಅಂಟಿಕೊಂಡು ಇಳಿಯುವುದು. ಇನ್ನೊಂದು, ಗಾಳಿಯ ಸುಳಿವಿಲ್ಲದೆ ಪೈಪ್ ತುಂಬ ಒಂದೇ ಸ್ತಂಭವಾಗಿ, ಸೈಫನ್ನಾಗಿ ಇಳಿಯುವುದು. ಗಾಳಿ ಬೆರೆತಾಗ ಶಬ್ದ ಹೆಚ್ಚು, ಸಾಮರ್ಥ್ಯ ಕಡಿಮೆ, ಸಂಪಿಗೆ ನೊರೆಯಂಥ ಸಣ್ಣ ಗುಳ್ಳೆಗಳು ಬರುತ್ತವೆ. ಪೂರ್ಣ ಸೈಫನ್ ಬಹುತೇಕ ನಿಶ್ಶಬ್ದ, ಸಾಮರ್ಥ್ಯವೋ ಹಲವು ಪಟ್ಟು ಹೆಚ್ಚು. ಹಳೆಯ ಡರ್ಸೊ ವಿನ್ಯಾಸ ಮೊದಲನೆಯ ಬಗೆಯದು: ನಿಂತ ಪೈಪಿನ ತಲೆಗೆ T ಆಕಾರದ ಒಂದು ಟೀ ಫಿಟ್ಟಿಂಗ್, ಅದರ ಮೇಲೆ ಗಾಳಿಗೊಂದು ರಂಧ್ರ, ಪಕ್ಕಕ್ಕೆ ಬಾಗಿದ ಬಾಯಿ. ಕಡಿಮೆ ಹರಿವಿಗೆ ಅದು ಇಂದಿಗೂ ಸಾಕು. ದೊಡ್ಡ ತೊಟ್ಟಿಗೆ ಮಾತ್ರ ನಾನು ಅದನ್ನು ಸೂಚಿಸುವುದಿಲ್ಲ. ಹರ್ಬಿ ಎಂಬ ವಿನ್ಯಾಸದಲ್ಲಿ ಎರಡು ಪೈಪುಗಳು: ಒಂದು ಪೂರ್ಣ ಸೈಫನ್, ಇನ್ನೊಂದು ಆಪತ್ತಿಗಾಗಿ ಎತ್ತರದಲ್ಲಿ ತೆರೆದ ಬಾಯಿ. ಬೀನ್ ಆನಿಮಲ್ ವಿನ್ಯಾಸದಲ್ಲಿ ಮೂರು: ಪೂರ್ಣ ಸೈಫನ್, ಗಾಳಿಗೆ ತೆರೆದಿರುವ ಪೈಪು, ಮತ್ತು ಸದಾ ಒಣಗಿರುವ ಆಪತ್ಕಾಲದ ಪೈಪು. ಬಾಕ್ಸಿನಲ್ಲಿ ಮೂರು ರಂಧ್ರಗಳಿಗೆ ಜಾಗವಿದ್ದರೆ ಮೂರನೆಯ ವಿನ್ಯಾಸವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಕಾರಣ ಹೇಳುತ್ತೇನೆ.

ಸೈಫನ್ ಪೈಪಿನ ಕೆಳತುದಿಗೆ ಗೇಟ್ ವಾಲ್ವ್ ಇರುತ್ತದೆ. ಪಂಪ್ ಕಳಿಸುವಷ್ಟೇ ನೀರನ್ನು ಅದು ಇಳಿಸುವಂತೆ ವಾಲ್ವನ್ನು ತಿರುಗಿಸಿ ಹೊಂದಿಸಬೇಕು. ಆದರೆ ಪಂಪಿನ ಹರಿವು ಎಂದೂ ಒಂದೇ ಸಮ ಇರುವುದಿಲ್ಲ. ಕೊಳೆ ಕೂತಂತೆ ಕುಗ್ಗುತ್ತದೆ, ತೊಳೆದ ದಿನ ಹಿಗ್ಗುತ್ತದೆ. ಸೈಫನ್ ಅಗತ್ಯಕ್ಕಿಂತ ತುಸು ಕಡಿಮೆ ಇಳಿಸುವಂತೆ ವಾಲ್ವನ್ನು ಬಿಗಿದಿಟ್ಟರೆ, ಉಳಿದ ಕೊಂಚ ನೀರು ಎರಡನೆಯ, ಗಾಳಿಗೆ ತೆರೆದ ಪೈಪಿನಲ್ಲಿ ತೆಳುವಾಗಿ ಜಿನುಗುತ್ತ ಇಳಿಯುತ್ತದೆ. ಏರಿಳಿತವನ್ನೆಲ್ಲ ಆ ಪೈಪ್ ತಾನೇ ಹೊತ್ತುಕೊಳ್ಳುವುದರಿಂದ ಬಾಕ್ಸಿನ ಮಟ್ಟ ಅಲುಗಾಡುವುದಿಲ್ಲ. ಈ ಎರಡನೆಯ ಪೈಪಿನ ತಲೆಗೆ ಒಂದು ಸಣ್ಣ ಗಾಳಿನಳಿಗೆ ಇರುತ್ತದೆ; ಅದರ ತುದಿಯನ್ನು ಬಾಕ್ಸಿನಲ್ಲಿ ಸಾಮಾನ್ಯ ನೀರಿನ ಮಟ್ಟಕ್ಕಿಂತ ತುಸು ಮೇಲೆ ಬರುವಂತೆ ಕೆಳಮುಖವಾಗಿ ಬಾಗಿಸಿಟ್ಟಿರುತ್ತಾರೆ. ಸೈಫನ್ ಪೈಪ್ ಕಟ್ಟಿಕೊಂಡು ಮಟ್ಟ ಏರಿದರೆ ನೀರು ಆ ನಳಿಗೆಯ ತುದಿಯನ್ನು ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ, ಎರಡನೆಯ ಪೈಪೇ ಪೂರ್ಣ ಸೈಫನ್ನಾಗಿ ಬದಲಾಗಿ ಪೂರ್ತಿ ಹರಿವನ್ನು ಹೊರುತ್ತದೆ. ಅದೂ ಸೋತರೆ ಮೂರನೆಯದು. ಮೂರನೆಯದರಲ್ಲಿ ನೀರು ಧುಮುಕುವ ಸದ್ದು ಮನೆಯವರಿಗೆಲ್ಲ ಕೇಳಿಸಬೇಕು. ಆ ಸದ್ದನ್ನು ಅಡಗಿಸುವ ಯಾವ ಪ್ರಯತ್ನವನ್ನೂ ಮಾಡಬೇಡಿ. ಅದೇ ನಿಮ್ಮ ಎಚ್ಚರಿಕೆಯ ಗಂಟೆ. ಈ ಪೈಪಿನ ಮೇಲೆ ಎಂದೆಂದಿಗೂ ವಾಲ್ವ್ ಇರಕೂಡದು, ಬಾಯಿಗೆ ಕಣ್ಣು ಸಣ್ಣದಾದ ಜಾಲರಿಯೂ ಕೂಡದು.

ಸೈಫನ್ ತಾನಾಗಿ ಆರಂಭವಾಗುವ ಬಗೆಯನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ವಿದ್ಯುತ್ ಮರಳಿ ಪಂಪ್ ಓಡತೊಡಗಿದಾಗ ಬಾಕ್ಸಿನಲ್ಲಿ ನೀರು ಏರುತ್ತದೆ, ಸೈಫನ್ನಿನ ಬಾಯಿಯನ್ನು ಮುಳುಗಿಸುತ್ತದೆ, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಆ ಗಾಳಿ ಸಂಪಿನಲ್ಲಿ ಬುಳುಬುಳು ಎಂದು ಗುಳ್ಳೆಗಳಾಗಿ ಹೊರಬರುತ್ತದೆ. ಬಾಕ್ಸಿನ ಮಟ್ಟ ಇನ್ನೂ ಏರಿ ಎರಡನೆಯ ಪೈಪಿಗೆ ನುಗ್ಗುತ್ತದೆ. ಒಂದೆರಡು ನಿಮಿಷಗಳಲ್ಲಿ ಕೊನೆಯ ಗುಳ್ಳೆ ಹೊರಬಿದ್ದು ಸದ್ದು ಅಡಗುತ್ತದೆ, ಮಟ್ಟ ತನ್ನ ಜಾಗಕ್ಕೆ ಇಳಿಯುತ್ತದೆ. ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಸೆಂಟಿಮೀಟರಿನಷ್ಟು ಮಾತ್ರ ಮುಳುಗಿದ್ದರೆ ಇದೆಲ್ಲ ಸಲೀಸು. ಇಪ್ಪತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿದ್ದರೆ ಅಷ್ಟು ಆಳದ ನೀರನ್ನು ತಳ್ಳಿ ಹೊರಬರಲು ಗಾಳಿಗೆ ಶಕ್ತಿ ಸಾಲದೆ ಪ್ರತಿ ಸಲವೂ ಒದ್ದಾಟ. ಸಂಪಿನ ಮೊದಲ ಕೋಣೆಯ ನೀರಿನ ಮಟ್ಟವನ್ನು ಕಾಗದದ ಮೇಲೆ ನಿಗದಿಪಡಿಸದೆ ಪೈಪಿನ ಉದ್ದ ಕತ್ತರಿಸಬಾರದು ಎನ್ನುವುದು ಇದಕ್ಕೇ.

ಪೈಪಿನ ವ್ಯಾಸ ಎಷ್ಟಿರಬೇಕು? ಸಂಪಿನ ಮೂಲಕ ಗಂಟೆಗೆ ತೊಟ್ಟಿಯ ಗಾತ್ರದ ಮೂರರಿಂದ ಐದು ಪಟ್ಟು ನೀರು ಹರಿದರೆ ಸಾಕು. ಹವಳಗಳಿಗೆ ಬೇಕಾದ ಬಿರುಸಾದ ಅಲೆ, ಅಂದರೆ ಗಂಟೆಗೆ ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಎಂದು ಹೇಳುವ ಚಲನೆ, ತೊಟ್ಟಿಯೊಳಗೇ ಇಡುವ ವೇವ್ ಪಂಪುಗಳಿಂದ ಬರಬೇಕು. ಅದನ್ನು ರಿಟರ್ನ್ ಪಂಪಿನಿಂದ ಪಡೆಯಲು ಹೋಗುವುದು ವಿದ್ಯುತ್ತನ್ನು ಸುಟ್ಟು ನೀರನ್ನು ಬಿಸಿಮಾಡುವ ದಾರಿ. ನಮ್ಮ ತೊಟ್ಟಿಗೆ ಐದು ಪಟ್ಟು ಎಂದರೆ ಗಂಟೆಗೆ ಸುಮಾರು 4000 ಲೀಟರ್. 25 ಮಿ.ಮೀ. ಒಳವ್ಯಾಸದ ಸೈಫನ್ ಪೈಪು 75 ಸೆಂಟಿಮೀಟರ್ ಇಳಿತದಲ್ಲಿ ಎಷ್ಟು ಇಳಿಸಬಲ್ಲದು ಎಂದು 17ನೇ ಶತಮಾನದ ಇಟಲಿಯ ಟೊರಿಚೆಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕ ಹಾಕಿದರೆ ಗಂಟೆಗೆ 6800 ಲೀಟರ್ ಎಂದು ಬರುತ್ತದೆ. ಆದರೆ ಅದು ಘರ್ಷಣೆಯೇ ಇಲ್ಲದ ಆದರ್ಶ. ಒಳಬಾಯಿ, ಎರಡು ಎಲ್ಬೋ, ವಾಲ್ವ್, ಪೈಪಿನ ಗೋಡೆ, ಇವುಗಳ ನಷ್ಟ ಕಳೆದರೆ ಉಳಿಯುವುದು ಸುಮಾರು ಅರ್ಧ. ಅಂದರೆ ನಮಗೆ ಬೇಕಾದ 4000 ಸಿಗುವುದಿಲ್ಲ. 40 ಮಿ.ಮೀ. ಒಳವ್ಯಾಸಕ್ಕೆ ಹೋದರೆ ಇದರ ಎರಡು ಪಟ್ಟಿಗೂ ಹೆಚ್ಚು ಸಾಮರ್ಥ್ಯ ಬರುತ್ತದೆ, ವಾಲ್ವನ್ನು ಸಾಕಷ್ಟು ಮುಚ್ಚಿ ಹೊಂದಿಸಲು ಅವಕಾಶವಿರುತ್ತದೆ. ಮೂರೂ ಇಳಿಪೈಪುಗಳು ಒಂದೇ ವ್ಯಾಸದವಾಗಿರಲಿ, ಪ್ರತಿಯೊಂದೂ ಒಂಟಿಯಾಗಿಯೇ ಪೂರ್ತಿ ಹರಿವನ್ನು ಹೊರುವಂತಿರಲಿ.

ಓವರ್‌ಫ್ಲೋ ಅಂಚಿನ ಉದ್ದವೂ ಮುಖ್ಯ. ಗಂಟೆಗೆ 4000 ಲೀಟರ್ ನೀರು 20 ಸೆಂಟಿಮೀಟರ್ ಉದ್ದದ ಅಂಚನ್ನು ದಾಟಬೇಕಾದರೆ ಅದರ ಮೇಲೆ ಸುಮಾರು ಎರಡು ಸೆಂಟಿಮೀಟರ್ ದಪ್ಪದ ಪದರ ನಿಲ್ಲುತ್ತದೆ. 60 ಸೆಂಟಿಮೀಟರ್ ಉದ್ದವಿದ್ದರೆ ಒಂದೇ ಸೆಂಟಿಮೀಟರ್, ಹಲ್ಲುಗಳನ್ನು ಕೊರೆದಿದ್ದರೆ ಒಂದೂವರೆ. ಪದರ ತೆಳುವಾದಷ್ಟೂ ಮೇಲ್ಮೈಯಲ್ಲಿ ತೇಲುವ ಜಿಡ್ಡು ಚೆನ್ನಾಗಿ ಎಳೆದುಕೊಂಡು ಹೋಗುತ್ತದೆ, ಪಂಪ್ ನಿಂತಾಗ ಇಳಿಯುವ ನೀರೂ ಕಡಿಮೆ.

ರಿಟರ್ನ್ ಪೈಪಿಗೆ ಬರೋಣ. ಪಂಪಿನ ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿ ನೀರನ್ನು ಒಂದಿಷ್ಟೂ ಎತ್ತದೆ ಇರುವಾಗಿನದು. ನಿಮಗೆ ಬೇಕಾದದ್ದು ಪಂಪಿನ ಜೊತೆ ಬರುವ ಗ್ರಾಫ್: ಇಂತಿಷ್ಟು ಎತ್ತರಕ್ಕೆ ಇಂತಿಷ್ಟು ಹರಿವು ಎಂದು ತೋರಿಸುವ ಗೆರೆ. ಎತ್ತರವನ್ನು ಸಂಪಿನ ನೀರಿನ ಮೇಲ್ಮೈಯಿಂದ ಮುಖ್ಯ ತೊಟ್ಟಿಯ ನೀರಿನ ಮೇಲ್ಮೈವರೆಗೆ ಅಳೆಯಬೇಕು, ಪಂಪಿನ ಜಾಗದಿಂದಲ್ಲ. ಅದಕ್ಕೆ ಘರ್ಷಣೆಯ ನಷ್ಟವನ್ನು ಸೇರಿಸಬೇಕು, ಮತ್ತು ಈ ನಷ್ಟ ವ್ಯಾಸದ ಮೇಲೆ ಊಹೆಗೂ ಮೀರಿ ಅವಲಂಬಿಸಿದೆ. ಒಂದೇ ಹರಿವಿಗೆ ಪೈಪಿನ ನಷ್ಟ ಸುಮಾರಾಗಿ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಒಳವ್ಯಾಸವನ್ನು 25 ಮಿ.ಮೀ.ನಿಂದ 32ಕ್ಕೆ ಏರಿಸಿದರೆ ನಷ್ಟ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯುತ್ತದೆ. ನೀರಿನ ವೇಗ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚಿದ್ದದ್ದು ಒಂದೂವರೆಯ ಒಳಗೆ ಬರುತ್ತದೆ. ಪಂಪಿನ ಬಾಯಿ ಸಣ್ಣದಿದ್ದರೂ ಅದರಿಂದ ಹೊರಟ ಕೂಡಲೇ ದೊಡ್ಡ ಪೈಪಿಗೆ ಬದಲಾಯಿಸಿ. ಒಂದು 90 ಡಿಗ್ರಿಯ ಎಲ್ಬೋ ಬದಲು ಎರಡು 45 ಡಿಗ್ರಿಯವನ್ನು ಹಾಕಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಡ್ಡಿಯಿಲ್ಲ, ಆದರೆ ಅದರಿಂದ ಬರುವ ಲಾಭ ಹೇಳುವಷ್ಟು ದೊಡ್ಡದಲ್ಲ. ಬಾಗುಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು, ವ್ಯಾಸ ಹೆಚ್ಚಿಸುವುದು, ಇವೇ ನಿಜವಾಗಿ ಫಲ ಕೊಡುವಂಥವು.

ಕೊಳ್ಳುವಾಗ ಒಂದು ಎಚ್ಚರಿಕೆ. ಮಿಲಿಮೀಟರ್ ಲೆಕ್ಕದ ಪಿವಿಸಿ ಪೈಪುಗಳಲ್ಲಿ ಹೇಳುವ ಅಳತೆ ಹೊರವ್ಯಾಸದ್ದು. ಇಂಚಿನ ಲೆಕ್ಕದವುಗಳಲ್ಲಿ ಅದು ಹೆಸರಿಗೆ ಒಳವ್ಯಾಸ. ಒಂದು ಇಂಚಿನ ಪೈಪಿನ ಹೊರವ್ಯಾಸ 33.4 ಮಿ.ಮೀ., ಅದಕ್ಕೆ ಸಮೀಪದ ಮೆಟ್ರಿಕ್ ಪೈಪಿನದು 32. ನೋಡಲು ಒಂದೇ ತರ, ಆದರೆ ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ. ತೊಟ್ಟಿ, ಪಂಪ್, ಪೈಪ್ ಬೇರೆ ಬೇರೆ ಕಡೆಯಿಂದ ಬರುವಾಗ ಯೋಜನೆಯ ಕಾಗದದ ಮೇಲೆ ಯಾವ ಪದ್ಧತಿ ಎಂದು ಬರೆದಿಡುವುದು ಕ್ಷೇಮ.

ರಂಧ್ರಗಳನ್ನು ತಳದಲ್ಲಿ ಕೊರೆಯಬೇಕೋ ಹಿಂಗಾಜಿನಲ್ಲೋ? ನನ್ನ ಆಯ್ಕೆ ಹಿಂಗಾಜಿನ ಮೇಲ್ಭಾಗ, ಗಾಜಿನ ಹೊರಗೆ ಒಂದು ಬಾಕ್ಸ್. ಎಲ್ಲ ರಂಧ್ರಗಳೂ ಮೇಲಂಚಿನ ಹತ್ತಿರವೇ ಇದ್ದರೆ ಜೋಡಣೆ ಸೋರಿದರೂ ಹೋಗುವುದು ಮೇಲಿನ ಕೆಲವು ಸೆಂಟಿಮೀಟರ್ ನೀರು ಮಾತ್ರ. ಗೋಡೆಯಿಂದ ಹದಿನೈದು ಇಪ್ಪತ್ತು ಸೆಂಟಿಮೀಟರ್ ಜಾಗ ಬಿಡಬೇಕಾಗುತ್ತದೆ, ಬಿಡಿ. ತಳದಲ್ಲಿ ಕೊರೆಯಲೇಬೇಕಾದರೆ ರಂಧ್ರಗಳು ಒಳಬಾಕ್ಸಿನ ಒಳಗೇ ಇರಲಿ, ಬಾಕ್ಸಿನ ಗೋಡೆ ತಳದವರೆಗೂ ನೀರು ಬಿಡದಂತೆ ಅಂಟಿರಲಿ, ಆಗ ಸೋರಿಕೆ ಬಾಕ್ಸನ್ನು ಖಾಲಿ ಮಾಡಿ ನಿಲ್ಲುತ್ತದೆ. ಕ್ಲೋಸ್ಡ್ ಲೂಪ್ ಎಂದು, ಅಲೆ ಎಬ್ಬಿಸಲು ನೀರಿನ ಮಟ್ಟದ ಕೆಳಗೆ ರಂಧ್ರಗಳನ್ನು ಕೊರೆಯುವ ಪದ್ಧತಿಯೊಂದಿದೆ. ಒಳ್ಳೆಯ ವೇವ್ ಪಂಪುಗಳು ಸಿಗುವ ಈ ಕಾಲದಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ. ಟಫನ್ ಮಾಡಿದ ಗಾಜನ್ನು ಕೊರೆಯಲು ಬರುವುದಿಲ್ಲ, ಬಿಟ್ ತಾಗಿದರೆ ಪುಡಿಪುಡಿಯಾಗುತ್ತದೆ. ಸಿದ್ಧ ತೊಟ್ಟಿಗಳಲ್ಲಿ ತಳದ ಗಾಜು ಅಂಥದ್ದಾಗಿರುವುದು ಸಾಮಾನ್ಯ. ರಂಧ್ರದಿಂದ ಗಾಜಿನ ಅಂಚಿಗೆ ಕನಿಷ್ಠ ರಂಧ್ರದ ವ್ಯಾಸದಷ್ಟು ದೂರ ಇರಬೇಕು.

ಪೈಪನ್ನು ಗಾಜಿಗೆ ಬಿಗಿಯಲು ರಂಧ್ರದಲ್ಲಿ ಕೂರಿಸುವ ಫಿಟ್ಟಿಂಗ್ ಆದ ಬಲ್ಕ್‌ಹೆಡ್‌ನ ರಬ್ಬರ್ ವಾಷರ್ ನೀರಿನ ಬದಿಗೆ, ಅಗಲವಾದ ಅಂಚಿನ ಕೆಳಗೆ ಬರಬೇಕು. ಕೈಯಿಂದ ಬಿಗಿದು, ಆಮೇಲೆ ಕಾಲು ಸುತ್ತು, ಅಷ್ಟೇ. ವಾಷರಿಗೆ ಸಿಲಿಕೋನ್ ಸವರಬಾರದು, ಅದು ವಾಷರನ್ನು ಜಾರಿಸುತ್ತದೆ, ಮುಂದೆ ಬಿಚ್ಚುವುದನ್ನೂ ಕಷ್ಟ ಮಾಡುತ್ತದೆ.

ಸಾಮಗ್ರಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ, ಆದರೆ ಅದರಲ್ಲಿ ರಿಯಾಯಿತಿ ಇಲ್ಲ. ನೀರು ತಾಗುವ ಯಾವ ಜಾಗದಲ್ಲೂ ತಾಮ್ರ, ಹಿತ್ತಾಳೆ, ಸತು ಲೇಪಿಸಿದ ಕಬ್ಬಿಣ ಇರಬಾರದು. ತಾಮ್ರ ಅತಿ ಅಲ್ಪ ಪ್ರಮಾಣದಲ್ಲೇ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಪಿವಿಸಿ ವಾಲ್ವ್ ಎಂದು ಮಾರುವುದರ ಒಳಗೂ ಕೆಲವೊಮ್ಮೆ ಲೋಹದ ದಂಡವಿರುತ್ತದೆ. ಕೊಳ್ಳುವ ಮೊದಲು ಬಿಚ್ಚಿ ನೋಡಿ. ಹೋಸ್ ಬಿಗಿಯುವ ಕ್ಲಿಪ್ಪುಗಳು ಪ್ಲಾಸ್ಟಿಕ್ಕಿನವೇ ಆಗಿರಲಿ. ಸಾಲ್ವೆಂಟ್ ಸಿಮೆಂಟ್ ಹಚ್ಚುವ ಮೊದಲು ಎಲ್ಲ ತುಂಡುಗಳನ್ನೂ ಒಣಗಿದಂತೆಯೇ ಜೋಡಿಸಿ, ಪ್ರತಿ ಕೀಲಿನ ಮೇಲೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದುಕೊಂಡರೆ ಅಂಟಿಸುವಾಗ ಕೋನ ತಪ್ಪುವುದಿಲ್ಲ. ಅಂಟಿಸಿದ ಮೇಲೆ ಒಂದು ಪೂರ್ತಿ ದಿನ ಬಿಟ್ಟು, ಆಮೇಲೆ ನೀರು ಹಾಯಿಸಿ ತೊಳೆಯಬೇಕು.

ಬಿಚ್ಚಲಾಗದ ಪೈಪು ತೊಳೆಯಲಾಗದ ಪೈಪು. ಬೆಳಕಿಲ್ಲದ ಪೈಪಿನೊಳಗೆ ಸ್ಪಂಜು, ಕೊಳವೆಹುಳು ಬೆಳೆದು ಒಳವ್ಯಾಸವನ್ನು ನಿಧಾನವಾಗಿ ಕಿರಿದುಗೊಳಿಸುತ್ತವೆ. ಪಂಪಿನ ಬಳಿ, ಪ್ರತಿ ವಾಲ್ವಿನ ಎರಡೂ ಬದಿಗೆ, ಬಲ್ಕ್‌ಹೆಡ್‌ನ ಕೆಳಗೆ ಯೂನಿಯನ್, ಅಂದರೆ ತಿರುಗಿಸಿ ಬಿಚ್ಚಬಹುದಾದ ಕೀಲು, ಇರಲಿ, ಅದನ್ನು ಹಿಡಿದು ತಿರುಗಿಸಲು ಕೈಗೆ ಜಾಗವೂ ಇರಲಿ. ಪಂಪಿಗೂ ಗಟ್ಟಿ ಪೈಪಿಗೂ ನಡುವೆ ಗೇಣುದ್ದ ಸಿಲಿಕೋನ್ ಹೋಸ್ ಇಟ್ಟರೆ ಕಂಪನ ಸ್ಟ್ಯಾಂಡಿಗೆ ಹರಡುವುದಿಲ್ಲ. ರಿಟರ್ನ್ ಪೈಪಿನಲ್ಲಿ ಮುಂದೆ ರಿಯಾಕ್ಟರ್ ಎಂಬ ನೀರು ಸಂಸ್ಕರಿಸುವ ಉಪಕರಣಕ್ಕೋ ಮತ್ತೊಂದಕ್ಕೋ ಬೇಕಾಗಬಹುದಾದ ಎರಡು ಮೂರು ಕವಲುಗಳನ್ನು ವಾಲ್ವ್ ಸಮೇತ ಈಗಲೇ ಬಿಟ್ಟಿಡಿ. ಒಂದು ಕವಲಿಗೆ ಹೋಸ್ ಸಿಕ್ಕಿಸಿದರೆ ನೀರು ಬದಲಿಸುವ ದಿನ ಹಳೆ ನೀರನ್ನು ಪಂಪೇ ಹೊರಹಾಕುತ್ತದೆ. ಸಂಪಿನ ಗಾಜಿನ ತಡೆಗಳ ನಡುವಿನ ಸಂದನ್ನೂ ಉದಾರವಾಗಿ ಬಿಡಿ. ನಮ್ಮ ಹರಿವಿಗೆ ಮೂರು ಸೆಂಟಿಮೀಟರ್ ಸಂದಿನಲ್ಲಿ ನೀರು ಸೆಕೆಂಡಿಗೆ ಏಳು ಸೆಂಟಿಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಿ ಗುಳ್ಳೆಗಳನ್ನೂ ಎಳೆದೊಯ್ಯುತ್ತದೆ; ಆರು ಸೆಂಟಿಮೀಟರ್ ಬಿಟ್ಟರೆ ವೇಗ ಅರ್ಧವಾಗುತ್ತದೆ.

ಸಿಹಿನೀರಿನ ಡಬ್ಬಿಯ ಬಗ್ಗೆ ಇನ್ನೊಂದು ಮಾತು ಬಾಕಿಯಿದೆ. ಆರ್‌ಓ ಯಂತ್ರದ ನಳಿಗೆಯನ್ನು ನೇರವಾಗಿ ಸಂಪಿಗೆ ತಂದು, ಒಂದು ಫ್ಲೋಟ್ ವಾಲ್ವಿನ ಭರವಸೆಯ ಮೇಲೆ ಬಿಡುವುದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಆ ನಳಿಗೆಯ ಹಿಂದೆ ಮನೆಯ ಇಡೀ ನೀರು ಸರಬರಾಜು ನಿಂತಿದೆ, ಅದಕ್ಕೆ ಕೊನೆಯಿಲ್ಲ. ನಡುವೆ ಡಬ್ಬಿಯಿಟ್ಟು ಅದನ್ನು ಕೈಯಿಂದಲೇ ತುಂಬಿಸಿ. 20 ಲೀಟರಿನ ಡಬ್ಬಿ ಒಟ್ಟಿಗೇ ಸುರಿದರೂ ಸುಮಾರು 900 ಲೀಟರ್ ಇರುವ ವ್ಯವಸ್ಥೆಯಲ್ಲಿ ಲವಣಾಂಶ ಸಾವಿರಕ್ಕೆ 35ರಿಂದ 34ರ ಆಸುಪಾಸಿಗೆ ಇಳಿದೀತು. ಹವಳಗಳು ಅದನ್ನು ತಡೆದುಕೊಳ್ಳುತ್ತವೆ. ಡಬ್ಬಿಯಿಂದ ಬರುವ ನಳಿಗೆಯ ತುದಿ ಸಂಪಿನ ನೀರಿಗೆ ತಾಗದಂತೆ ಮೇಲೆಯೇ ನಿಲ್ಲಬೇಕು, ಇಲ್ಲವಾದರೆ ಅದೂ ಸೈಫನ್ನಾಗುತ್ತದೆ.

ವಿದ್ಯುತ್ ಪ್ಲಗ್ಗುಗಳು ಸಂಪಿನ ಮೇಲೆ ಇರಕೂಡದು. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತಿರಬೇಕು, ಆಗ ವೈರಿನ ಗುಂಟ ಬರುವ ಹನಿ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸೋರಿಕೆ ವಿದ್ಯುತ್ತನ್ನು ಗುರುತಿಸಿ ಕಡಿಯುವ ಬ್ರೇಕರ್ ಕಡ್ಡಾಯ.

ಕೊನೆಯದಾಗಿ ಪರೀಕ್ಷೆ. ಕಲ್ಲು, ಮರಳು, ಉಪ್ಪು ಯಾವುದೂ ಬೀಳುವ ಮೊದಲು ಇಡೀ ವ್ಯವಸ್ಥೆಯನ್ನು ಸಿಹಿನೀರಿನಲ್ಲಿ ಎರಡು ದಿನ ಓಡಿಸಿ. ಪ್ರತಿ ಕೀಲಿನ ಕೆಳಗೂ ಒಣ ಕಾಗದ ಇಟ್ಟರೆ ಕಣ್ಣಿಗೆ ಕಾಣದ ಜಿನುಗೂ ಕಲೆಯಾಗಿ ಗೊತ್ತಾಗುತ್ತದೆ. ಆಮೇಲೆ ಪಂಪಿನ ಪ್ಲಗ್ ಕಿತ್ತು, ಸಂಪಿನ ನೀರು ಎಲ್ಲಿಗೆ ಬಂದು ನಿಂತಿತು ಎಂದು ನೋಡಿ. ಮತ್ತೆ ಹಾಕಿ, ಸೈಫನ್ ತಾನಾಗಿ ಹಿಡಿಯುವವರೆಗೂ ಕಾಯಿರಿ. ಇದನ್ನು ಹಲವು ಸಲ ಮಾಡಿ. ಪ್ಲಗ್ ಕಿತ್ತಾಗ ನೀರು ಸಂಪಿನ ಅಂಚಿನ ಹತ್ತಿರಕ್ಕೆ ಬಂದರೆ, ನಡೆಯುವಾಗಿನ ಮಟ್ಟವನ್ನೇ ಇಳಿಸಿ, ಆ ಹೊಸ ಮಟ್ಟಕ್ಕೆ ಗಾಜಿನ ಹೊರಗೆ ಅಳಿಸದ ಗೆರೆಯೊಂದನ್ನು ಎಳೆಯಿರಿ. ಮುಂದೆ ಯಾರೂ ಆ ಗೆರೆ ಮೀರಿ ನೀರು ತುಂಬಿಸಬಾರದು. ಅದಾದ ಮೇಲೆ ಪಂಪ್ ಓಡುತ್ತಿರುವಾಗಲೇ ಸೈಫನ್ನಿನ ಬಾಯಿಗೆ ಬಿರಡೆ ಒತ್ತಿ ಹಿಡಿಯಿರಿ, ಎರಡನೆಯ ಪೈಪ್ ಪೂರ್ತಿ ಭಾರ ಹೊರುತ್ತದೆಯೇ ನೋಡಿ. ಎರಡನ್ನೂ ಮುಚ್ಚಿ ಮೂರನೆಯದನ್ನು ನೋಡಿ. ಮೂರನ್ನೂ ಮುಚ್ಚಿ, ಪಂಪ್ ಬರಿದಾಗಿ ಗಾಳಿ ಎಳೆದ ಕೂಡಲೇ ಅದನ್ನು ನಿಲ್ಲಿಸಿ, ಮೇಲಿನ ತೊಟ್ಟಿಯ ಅಂಚಿಗೆ ಎಷ್ಟು ಬೆರಳು ಜಾಗ ಉಳಿಯಿತು ಎಂದು ಅಳೆಯಿರಿ.

ಎಲ್ಲ ಸರಿಯಾದ ಮೇಲೆ ಪ್ರತಿ ವಾಲ್ವಿಗೂ ಒಂದು ಸಂಖ್ಯೆಯ ಚೀಟಿ ಕಟ್ಟಿ, ಪೈಪುಗಳ ನಕ್ಷೆಯ ಒಂದು ಪ್ರತಿಯನ್ನು ಸ್ಟ್ಯಾಂಡಿನ ಬಾಗಿಲ ಒಳಬದಿಗೆ ಅಂಟಿಸಿ. ನೀವು ಊರಲ್ಲಿ ಇಲ್ಲದಾಗ ಮೂರನೆಯ ಪೈಪಿನ ಸದ್ದು ಕೇಳಿದರೆ ಏನು ಮಾಡಬೇಕು, ಯಾವ ಪ್ಲಗ್ ಕೀಳಬೇಕು, ಯಾವ ವಾಲ್ವನ್ನು ಮುಟ್ಟಬಾರದು ಎಂದು ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದು, ಮನೆಯಲ್ಲಿ ಇರುವವರಿಗೆ ಒಮ್ಮೆ ತೋರಿಸಿಕೊಡಿ.